ಚಡಪಡಿಯೂ ಇಬ್ಬರು ಅಣ್ಣಂದಿರ ಒಂದೇ ಪ್ರಿಂಟರೂ

ಅವಳಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ನಾನು ಆ ಹೆಸರನ್ನು ಬಳಸುತ್ತಿದ್ದೆ. ಉಳಿದಂತೆ ಎಲ್ಲರ ಬಾಯಲ್ಲಿಯೂ ಅವಳು ಚಡಪಡಿ. ಹಾಗೆ ಕರೆಯಲು ಶುರುಮಾಡಿದವನು ಅವಳ ದೊಡ್ಡಣ್ಣ. ಊಟಕ್ಕೆ ಕುಳಿತರೆ ಉಪ್ಪಿಗೆಂದು ಏಳುವಳು. ಉಪ್ಪು ತಂದರೆ ನೀರಿಗೆಂದು ಏಳುವಳು. ನೀರು ತಂದ ಮೇಲೆ ಹಿತ್ತಲ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡಲು ಏಳುವಳು. "ಇವಳ ಜೊತೆ ಊಟಕ್ಕೆ ಕೂತರೆ ತಟ್ಟೆಗೂ ತಲೆ ಸುತ್ತುತ್ತೆ" ಎಂದು ಅವನು ಹೇಳುತ್ತಿದ್ದ.

ತರಗತಿಯಲ್ಲಿಯೂ ಹಾಗೆಯೇ. ಪಾಠವನ್ನು ಕೇಳುತ್ತಿದ್ದಳು, ಆದರೆ ಕುಳಿತು ಕೇಳುತ್ತಿರಲಿಲ್ಲ. ಅವಳನ್ನು ಕೂರಿಸುವುದಕ್ಕಿಂತ ಅವಳಿಗೊಂದು ಕೆಲಸ ಕೊಡುವುದೇ ಸುಲಭವೆಂದು ನನಗೆ ಬೇಗ ತಿಳಿಯಿತು. ಬೋರ್ಡು ಒರೆಸು, ಕಿಟಕಿಗೆ ಕೊಂಡಿ ಹಾಕು, ಪಕ್ಕದ ತರಗತಿಯಿಂದ ಭೂಪಟ ತಾ ಎಂದು ಓಡಾಡಿಸುತ್ತಿದ್ದೆ. ಓಡಾಡುತ್ತಲೇ ಅವಳು ಪದ್ಯಗಳನ್ನು ಬಾಯಿಪಾಠ ಮಾಡಿದಳು, ಓಡಾಡುತ್ತಲೇ ಪಾಸಾದಳು. ಅವಳ ಗಂಡ ಬಸ್ಸು ಓಡಿಸುತ್ತಾನೆ. "ನಮ್ಮ ಮನೇಲಿ ಕೂತು ದುಡಿಯೋನು ನಾನು, ನಿಂತು ದುಡಿಯೋಳು ಇವಳು" ಎಂಬುದು ಅವನ ಹಾಸ್ಯ.

ಅವಳು ದುಡಿಯುತ್ತಿದ್ದುದು ಅಣ್ಣಂದಿರ ಕಚೇರಿಯಲ್ಲಿ. ಕಟ್ಟಡಗಳ ನಕ್ಷೆ ಬರೆದುಕೊಡುವ ಕಚೇರಿ ಅದು. ಬೀದಿಗೆ ತೆರೆದುಕೊಳ್ಳುವ ಮುಂಗೋಣೆಯಲ್ಲಿ ಅವಳ ಮೇಜು, ಬಂದವರಿಗೆ ಒಂದು ಬೆಂಚು. ಹಿಂದೆ ಅಕ್ಕಪಕ್ಕದಲ್ಲಿ ಎರಡು ಕೋಣೆಗಳು, ನಡುವೆ ಒಂದೇ ಗೋಡೆ. ಎಡಗಡೆಯ ಕೋಣೆಯಲ್ಲಿ ದೊಡ್ಡಣ್ಣ ನಕ್ಷೆ ಬರೆಯುತ್ತಿದ್ದ. ಬಲಗಡೆಯ ಕೋಣೆಯಲ್ಲಿ ಚಿಕ್ಕಣ್ಣ ಅದನ್ನು ಪರೀಕ್ಷಿಸಿ, ಲೆಕ್ಕ ಹಾಕಿ, ಮುದ್ರಿಸುತ್ತಿದ್ದ. ನಕ್ಷೆ ಮುದ್ರಿಸುವ ಪ್ರಿಂಟರ್ ಮಂಚದಷ್ಟು ಅಗಲವಾದದ್ದು. ಅದು ಬಾಗಿಲಲ್ಲಿ ಹಿಡಿಸದೆ, ಚೌಕಟ್ಟು ಕಿತ್ತು ಒಳಗೆ ತಂದು ಮತ್ತೆ ಚೌಕಟ್ಟು ಕೂರಿಸಿದ್ದರು. ಇನ್ನೊಂದನ್ನು ಕೊಳ್ಳುವ ಮಾತೇ ಇರಲಿಲ್ಲ. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ನಾನು ಅಲ್ಲಿಯೇ ಇರುತ್ತಿದ್ದೆ. ನಕ್ಷೆಯೊಂದಿಗೆ ಹೋಗುವ ಅರ್ಜಿಗಳ ಒಕ್ಕಣೆಯನ್ನು ತಿದ್ದಿಕೊಡುವುದು ನನ್ನ ಪಾಲಿನ ಕೆಲಸ. ಮೂವರೂ ನನ್ನ ಕೈಯಲ್ಲಿ ಕಲಿತವರು. ಆದ್ದರಿಂದ ಮೂವರೂ ನನಗೆ ಹೆದರುವಂತೆ ನಟಿಸುತ್ತಿದ್ದರು.

ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗು ಬರುತ್ತದೆ. ಒಮ್ಮೆ ಮನೆ ಕಟ್ಟಿಸುವವರೊಬ್ಬರು ನಕ್ಷೆ ನೋಡಲು ಬಂದಿದ್ದಾಗ ಚಿಕ್ಕಣ್ಣ ಬಗ್ಗಿ ನೋಡಿ, "ಅಣ್ಣಾ, ಈ ಬಾಗಿಲು ತೆಗೆದರೆ ಮೆಟ್ಟಿಲು ಹತ್ತೋರ ಮೂಗಿಗೆ ಬಡಿಯುತ್ತಲ್ಲ" ಅಂದುಬಿಟ್ಟ. ಬಂದವರು ನಕ್ಕರು. ದೊಡ್ಡಣ್ಣ ನಗಲಿಲ್ಲ. ಅಂದಿನಿಂದ ತಮ್ಮನೊಡನೆ ಒಂದು ಮಾತೂ ಇಲ್ಲ.

ಆದರೆ ಕೆಲಸ ನಿಲ್ಲುವಂತಿರಲಿಲ್ಲ. ಆಗ ಅವರು ಹಿಡಿದ ದಾರಿ ವಿಚಿತ್ರವಾದದ್ದು. ನಕ್ಷೆಗಳೆಲ್ಲ ಚಿಕ್ಕಣ್ಣನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನೊಳಗೆ ಇದ್ದವು. ಅದನ್ನು ಮೂವರೂ ತಮ್ಮ ತಮ್ಮ ಮೇಜಿನಿಂದಲೇ ತೆರೆಯಬಹುದಿತ್ತು. ದೊಡ್ಡಣ್ಣ ನಕ್ಷೆ ಬರೆದು ಅಲ್ಲಿ ಇಡುವನು. ಚಿಕ್ಕಣ್ಣ ನೋಡಿ ಆ ಕಡತದ ಹೆಸರನ್ನೇ ಬದಲಾಯಿಸುವನು: 'ಅಡುಗೆಮನೆಗೆ ಬೆಳಕು ಸಾಲದು.' ಸ್ವಲ್ಪ ಹೊತ್ತಿನ ಮೇಲೆ ಅದರ ಹೆಸರು 'ಕಿಟಕಿ ಹಾಕಿದೆ' ಎಂದಾಗುವುದು. ಆಮೇಲೆ 'ಕಿಟಕಿ ಚಿಕ್ಕದು.' ಆಮೇಲೆ 'ದೊಡ್ಡದು ಮಾಡಿದರೆ ಗೋಡೆ ಎಲ್ಲಿ ನಿಲ್ಲುತ್ತೆ.' ಹೀಗೆ ಒಂದು ಗೋಡೆಯ ಆಚೆ ಈಚೆ ಕುಳಿತು ಕಡತದ ಹೆಸರುಗಳಲ್ಲಿಯೇ ಜಗಳವಾಡುವರು, ರಾಜಿಯಾಗುವರು. ಕೊನೆಗೆ ದೊಡ್ಡಣ್ಣ ತನ್ನ ಮೇಜಿನಿಂದ ಪ್ರಿಂಟ್ ಕೊಡುವನು. ಹಾಳೆ ಚಿಕ್ಕಣ್ಣನ ಕೋಣೆಯಲ್ಲಿ ಹೊರಬರುವುದು. ಚಡಪಡಿ ಓಡಿಹೋಗಿ ತಂದು ದೊಡ್ಡಣ್ಣನ ಮುಂದೆ ಹರಡುವಳು.

ಇದೆಲ್ಲ ನಡೆಯುವಂತೆ ಕಂಪ್ಯೂಟರುಗಳನ್ನು ಜೋಡಿಸಿದ್ದವಳು ಅವಳೇ. ಯಾರಲ್ಲಿಯೂ ಕಲಿತದ್ದಲ್ಲ. ಬಿಚ್ಚಿ, ಕೆಡಿಸಿ, ಬೈಸಿಕೊಂಡು, ಸರಿಪಡಿಸಿ ಕಲಿತದ್ದು. ಮೂರಕ್ಕೂ ಕನ್ನಡ ಬರುವಂತೆ ಮಾಡಿದ್ದಳು. ಪಾಸ್‌ವರ್ಡ್ ಮಾತ್ರ ಹಾಕಿರಲಿಲ್ಲ. "ನಮ್ಮ ನಮ್ಮಲ್ಲಿ ಎಂಥ ಬೀಗ ಮೇಷ್ಟ್ರೇ" ಎಂದಿದ್ದಳು.

ತಂದೆತಾಯಿ ಹೋದ ಮೇಲೆ ಮೂವರ ಮನೆಗಳೂ ಬೇರೆಬೇರೆಯಾಗಿದ್ದವು. ಅಣ್ಣಂದಿರು ಒಬ್ಬರ ಮನೆಗೆ ಒಬ್ಬರು ಹೋಗುತ್ತಿರಲಿಲ್ಲ. ಮೂವರೂ ಒಂದೇ ಸೂರಿನಡಿ ಇರುವ ಜಾಗವೆಂದರೆ ಈ ಕಚೇರಿ ಒಂದೇ. ಇದು ಒಡೆದರೆ ತನಗೆ ತವರೇ ಇರುವುದಿಲ್ಲವೆಂದು ಅವಳು ನನ್ನೊಡನೆ ಹೇಳಿದ್ದುಂಟು. ಅದು ಒಡೆಯುವ ಸೂಚನೆಯೂ ಕಂಡಿತ್ತು. ಬೀದಿಯ ಕೊನೆಯ ಬೇಕರಿಯವರ ಮಹಡಿಯ ಮೇಲೆ ಒಂದು ಕೋಣೆ ಖಾಲಿಯಾಗಿತ್ತು. ಬೇಕರಿಯವರು ತಮ್ಮ ಒಲೆಮನೆಯನ್ನು ದೊಡ್ಡದು ಮಾಡಿಸಲು ಇವರಲ್ಲಿಯೇ ನಕ್ಷೆ ಬರೆಸುತ್ತಿದ್ದರು. ದೊಡ್ಡಣ್ಣ ಆ ನೆಪದಲ್ಲಿ ಮಹಡಿ ಹತ್ತಿ ಕೋಣೆಯನ್ನು ನೋಡಿ ಬಂದಿದ್ದ. "ನಕ್ಷೆ ತಗೊಂಡು ಹೋಗೋಕೆ ಬಂದಾಗ ಬೇಕೋ ಬೇಡವೋ ಹೇಳಿ, ಬೀಗದ ಕೈ ಜೇಬಲ್ಲೇ ಇಟ್ಕೊಂಡು ಬರ್ತೀನಿ" ಎಂದು ಬೇಕರಿಯವರು ಅವಳ ಎದುರಿಗೇ ಹೇಳಿಹೋಗಿದ್ದರು.

ಅವರು ಬರಬೇಕಾದ ದಿನದ ಹಿಂದಿನ ಸಂಜೆ. ಚಿಕ್ಕಣ್ಣ ಹೊರಟುಹೋಗಿದ್ದ. ಚಡಪಡಿ ಅವನ ಕೋಣೆಯ ಕಿಟಕಿ ಹಾಕಲು ಹೋದಳು. ಪರದೆಯ ಮೇಲೆ ಕಂಪ್ಯೂಟರ್ ಬಹಳ ಕಾಲದಿಂದ ಕೇಳುತ್ತಿದ್ದ ಪ್ರಶ್ನೆಯೇ ನಿಂತಿತ್ತು: 'ಅಪ್‌ಡೇಟ್ ಸಿದ್ಧವಾಗಿದೆ. ಈಗಲೋ, ಆಮೇಲೋ?' ಚಿಕ್ಕಣ್ಣ ಪ್ರತಿದಿನವೂ 'ಆಮೇಲೆ' ಎಂಬುದನ್ನೇ ಒತ್ತುತ್ತಿದ್ದ. ಆಮೇಲೆ ಎಂಬ ಮಾತು ಅವಳಿಗೆ ಹುಟ್ಟಿನಿಂದಲೇ ಆಗಿಬರುವುದಿಲ್ಲ. 'ಈಗ' ಎಂಬುದನ್ನು ಒತ್ತಿ, ಕಿಟಕಿ ಹಾಕಿ, ಮನೆಗೆ ಹೋದಳು.

ಮರುದಿನ ನಾನು ಹೋಗುವಷ್ಟರಲ್ಲಿ ದೊಡ್ಡಣ್ಣನ ಮುಖ ಗಂಟಿಕ್ಕಿತ್ತು. ಚಡಪಡಿ ಅವನ ಕುರ್ಚಿಯ ಹಿಂದೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಬನ್ನಿ ಮೇಷ್ಟ್ರೇ, ನೋಡಿ. ನೀವೇ ಓದಿ" ಎಂದ ದೊಡ್ಡಣ್ಣ.

ನಾನು ಕನ್ನಡಕ ಹಾಕಿಕೊಂಡು ಓದಿದೆ. ಫೋಲ್ಡರ್ ತೆರೆಯಬೇಕಾದ ಕಡೆ ಒಂದು ಚೌಕದೊಳಗೆ ಹೀಗೆ ಬರೆದಿತ್ತು: 'ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ. ಅನುಮತಿ ಬೇಕಾದರೆ ಈ ಕಂಪ್ಯೂಟರಿನ ಒಡೆಯರನ್ನು ಕೇಳಿ.'

"ಒಡೆಯರಂತೆ. ನಾನು ಬರೆದ ನಕ್ಷೆ ನೋಡೋಕೆ ನಾನು ಒಡೆಯರ ಅಪ್ಪಣೆ ಕೇಳಬೇಕಂತೆ" ಎಂದ ಅವನು. ದನಿ ಏರಿರಲಿಲ್ಲ. ಅದೇ ನನಗೆ ಹೆಚ್ಚು ಕಳವಳ ತಂದಿತು.

ಬೇರೆಯವರಾಗಿದ್ದರೆ ಇದು ಯಂತ್ರದ ಮಾತೆಂದು ಕೂಡಲೇ ತಿಳಿಯುತ್ತಿತ್ತು. ಆದರೆ ಇವನು ಇಷ್ಟು ಕಾಲದಿಂದ ಆ ಫೋಲ್ಡರಿನಲ್ಲಿ ಕಂಡದ್ದೆಲ್ಲ ತಮ್ಮನ ಮಾತೇ. ಅಲ್ಲಿ ಅಕ್ಷರ ಮೂಡಿತೆಂದರೆ ಅದನ್ನು ತಮ್ಮ ಬರೆದಿರಬೇಕು. 'ಕಿಟಕಿ ಚಿಕ್ಕದು' ಎಂದವನೇ ಈಗ 'ನಿಮಗೆ ಅನುಮತಿ ಇಲ್ಲ' ಎಂದಿದ್ದಾನೆ. ಬಹುವಚನ ಬೇರೆ ಹಾಕಿ ಚುಚ್ಚಿದ್ದಾನೆ ಎಂದು ಅವನ ಮನಸ್ಸು ಓದಿಕೊಂಡಿತ್ತು.

"ದೊಡ್ಡಣ್ಣ, ನನ್ನ ಮೇಜಲ್ಲೂ ಹೀಗೇ ಬಂತು" ಎಂದಳು ಚಡಪಡಿ.

"ನಿನ್ನನ್ನೂ ಹೊರಗೆ ಹಾಕಿದ್ದಾನೆ ಅಂತಾಯ್ತು."

"ಕೇಬಲ್ ಏನಾದ್ರೂ ಸಡಿಲ ಆಗಿರುತ್ತೆ. ಈಗ ಸರಿ ಮಾಡ್ತೀನಿ, ಇರು."

"ಕೇಬಲ್ ಸಡಿಲ ಆದ್ರೆ ಒಡೆಯರು ಅಂತ ಬರುತ್ತಾ?"

ಅವಳು ಹೊರಗೆ ಓಡಿದಳು. ಮುಂಗೋಣೆಯ ಗೋಡೆಯ ಮೇಲಿದ್ದ ರೂಟರನ್ನು ಆರಿಸಿ ಹಚ್ಚಿದಳು. ಅದರ ಹಸಿರು ದೀಪಗಳು ಎಂದಿನಂತೆಯೇ ಮಿಣುಕಿದವು. ಕೇಬಲ್ಲುಗಳನ್ನು ಕಿತ್ತು, ತುದಿಗಳನ್ನು ಊದಿ, ಮತ್ತೆ ಸಿಕ್ಕಿಸಿದಳು. ದೊಡ್ಡಣ್ಣನ ಮೇಜಿಗೆ ಬಂದು ನೋಡಿದಳು. ಅದೇ ಚೌಕ, ಅದೇ ಮಾತು. ಚಿಕ್ಕಣ್ಣನ ಕೋಣೆಗೆ ಓಡಿದಳು. ನಾನೂ ಹಿಂದೆಯೇ ಹೋದೆ.

ಚಿಕ್ಕಣ್ಣನಿಗೆ ಅಷ್ಟರಲ್ಲಿ ಬೇರೆಯೇ ಅನುಮಾನ ಹುಟ್ಟಿತ್ತು. "ಬೆಳಗ್ಗೆಯಿಂದ ಅಣ್ಣನ ಕಡೆಯಿಂದ ಏನೂ ಬಂದಿಲ್ಲ. ಆ ಮಹಡಿ ಕೋಣೆಗೆ ಹೋಗೋದು ನಿಜಾನಾ? ಹೋಗೋರು ಹೋಗ್ತೀವಿ ಅಂತ ಫೋಲ್ಡರಲ್ಲಾದ್ರೂ ಬರೀಬಹುದಿತ್ತು" ಎಂದು ಅವನು ಗೋಡೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

"ಯಾರೂ ಎಲ್ಲಿಗೂ ಹೋಗಲ್ಲ. ಸ್ವಲ್ಪ ಎದ್ದೇಳು, ನಾನು ನೋಡ್ಬೇಕು."

"ಇದ್ಯಾಕೋ ಇವತ್ತು ಎಲ್ಲ ಹೊಸದಾಗಿ ಕಾಣ್ತಿದೆ. ಗುಂಡಿಗಳೆಲ್ಲ ನಡುಮಧ್ಯಕ್ಕೆ ಬಂದು ಕೂತಿವೆ."

ಅವಳು ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು. ಅವನ ಕುರ್ಚಿಯ ತುದಿಯಲ್ಲಿ ಅರ್ಧ ಕುಳಿತು, ಒಂದು ಕಾಲನ್ನು ನೆಲಕ್ಕೆ ಕುಟ್ಟುತ್ತ, ಒಂದಾದ ಮೇಲೊಂದು ಪುಟ ತೆರೆದಳು. ಹಂಚಿಕೆ ಎಂಬಲ್ಲಿ 'ಪಾಸ್‌ವರ್ಡ್ ಇಲ್ಲದವರಿಗೂ ಪ್ರವೇಶ' ಎಂದು ಹಿಂದೆ ತಾನೇ ಗುರುತು ಹಾಕಿದ್ದು ಅಳಿಸಿಹೋಗಿತ್ತು. ಮತ್ತೆ ಹಾಕಿದಳು. ದೊಡ್ಡಣ್ಣನ ಕೋಣೆಗೆ ಓಡಿ ನೋಡಿದಳು. ಈಗ ಮಾತು ಬದಲಾಗಿತ್ತು. 'ಹೆಸರು ಮತ್ತು ಪಾಸ್‌ವರ್ಡ್ ಕೊಡಿ' ಎನ್ನುತ್ತಿತ್ತು. ಇಲ್ಲದ ಪಾಸ್‌ವರ್ಡನ್ನು ಎಲ್ಲಿಂದ ಕೊಡುವುದು? ಖಾಲಿ ಬಿಟ್ಟು ಒತ್ತಿದಳು. ಒಪ್ಪಲಿಲ್ಲ.

"ಈಗ ಹೆಸರು ಕೇಳ್ತಿದ್ದಾನೆ. ಹುಟ್ಟಿದಾಗಿನಿಂದ ನೋಡಿದವನಿಗೆ ನನ್ನ ಹೆಸರು ಮರೆತುಹೋಯ್ತು" ಎಂದ ದೊಡ್ಡಣ್ಣ.

"ಅವನಲ್ಲ ಕಣೋ ಕೇಳ್ತಿರೋದು."

"ಮತ್ಯಾರು?"

ಮತ್ತೆ ಹೊರಗೆ ಓಡಿದಳು. ಈ ಸಲ ಬೀದಿಯ ಮೆಟ್ಟಿಲವರೆಗೂ ಹೋಗಿ ನಿಂತಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಎದುರಿನ ಇಸ್ತ್ರಿ ಅಂಗಡಿಯವನು ಬಟ್ಟೆಗೆ ನೀರು ಚಿಮುಕಿಸುತ್ತಿದ್ದ. ಅದನ್ನೇ ನೋಡುತ್ತ ಅವಳು ಹೇಳಿದಳು:

"ಮೇಷ್ಟ್ರೇ, ಅಪ್‌ಡೇಟ್ ಮಾಡಿದ್ದು ನಾನು."

"ಯಾವಾಗ?"

"ನಿನ್ನೆ ಸಂಜೆ. ಯಾರನ್ನೂ ಕೇಳಲಿಲ್ಲ. ಅದು ದಿನಾ ಕೇಳ್ತಾ ಇತ್ತು, ನೋಡಿ ನೋಡಿ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು. ಹೊಸ ಅಪ್‌ಡೇಟ್ ಬಂದ ಮೇಲೆ ಬೀಗ ಇಲ್ಲದ ಮನೆಗೆ ಯಾರನ್ನೂ ಬಿಡಲ್ಲ ಅಂತ ಕಾಣುತ್ತೆ. ನಮ್ಮದು ಇಷ್ಟು ದಿನ ತೆರೆದ ಬಾಗಿಲು."

"ಹಾಗಾದರೆ ಹೋಗಿ ಹಾಗೆಯೇ ಹೇಳು."

"ಹೇಳಿದ್ರೆ ಇನ್ನು ಮೆಷಿನ್ ಮುಟ್ಟಬೇಡ ಅಂತಾನೆ. ಮುಟ್ಟಬೇಡ ಅಂದ್ರೆ ನನಗೆ ಅಲ್ಲೇನು ಕೆಲಸ? ಹಾಳೆ ಹೊರೋದಾ? ಮೊದಲು ಸರಿ ಮಾಡ್ತೀನಿ ಮೇಷ್ಟ್ರೇ. ಸರಿಹೋದ ಮೇಲೆ ಯಾರು ಕೆಡಿಸಿದ್ರು ಅಂತ ಯಾರು ಕೇಳ್ತಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.

ಚಿಕ್ಕಣ್ಣ ಈ ನಡುವೆ ಒಂದು ಉಪಾಯ ಹೇಳಿದ: ಬೇಕರಿಯ ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇನೆ, ಅಣ್ಣ ತಿದ್ದಿಕೊಟ್ಟರೆ ಇಲ್ಲಿಂದಲೇ ಮುದ್ರಿಸುತ್ತೇನೆ. ಅವಳು ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ಹೋದಳು. ದೊಡ್ಡಣ್ಣ ಅದನ್ನು ನೋಡಿ ಮುಖ ತಿರುಗಿಸಿದ.

"ನನ್ನ ನಕ್ಷೇನ ನನಗೇ ಪೊಟ್ಟಣ ಕಟ್ಟಿ ಕಳಿಸ್ತಾನಾ? ವಾಪಸ್ ಕೊಡು. ಬೇಕರಿಯವರು ಬರಲಿ. ಇವತ್ತೇ ಬೀಗದ ಕೈ ತಗೊಳ್ತೀನಿ."

ಆ ಮಾತು ಕೇಳಿ ಅವಳ ಕಾಲು ಒಂದು ಗಳಿಗೆ ನಿಂತಿತು. ಅವಳು ನಿಂತದ್ದನ್ನು ನಾನು ಕಂಡದ್ದು ಅಪರೂಪ.

ಮತ್ತೆ ಓಟ ಆರಂಭವಾಯಿತು. ತನ್ನ ಮೇಜಿನಲ್ಲಿ ಕುಳಿತು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಕಂಪ್ಯೂಟರಿನ ಕಾವಲನ್ನೆಲ್ಲ ಕಿತ್ತುಹಾಕಿಬಿಡಿ ಎಂದು ಒಬ್ಬರು ಹೇಳಿದ್ದರು. ಅದಕ್ಕೆ ಅವಳು ಕೈ ಹಾಕಲಿಲ್ಲ. ಜನರ ಮನೆಗಳ ನಕ್ಷೆ, ಯಾರ ಮನೆಯ ಹಿಂಬಾಗಿಲು ಎಲ್ಲಿದೆ ಎಂಬುದೆಲ್ಲ ಆ ಫೋಲ್ಡರಿನಲ್ಲಿದೆ. ಅದನ್ನು ಬಯಲಿಗೆ ಬಿಡಲಾಗದು ಎಂದಳು. ಇನ್ನೊಬ್ಬರು ಚಿಕ್ಕಣ್ಣನ ಕಂಪ್ಯೂಟರಿನಲ್ಲಿ ದೊಡ್ಡಣ್ಣನಿಗೆಂದು ಒಂದು ಖಾತೆ ತೆರೆಯಬೇಕು, ಅದಕ್ಕೊಂದು ಪಾಸ್‌ವರ್ಡ್ ಇಡಬೇಕು, ಅದನ್ನೇ ದೊಡ್ಡಣ್ಣನ ಕಂಪ್ಯೂಟರಿಗೆ ಒಮ್ಮೆ ಹೇಳಿಕೊಡಬೇಕು ಎಂದಿದ್ದರು. ಅದು ಮನಸ್ಸಿಗೆ ಬಂತು. ಚಿಕ್ಕಣ್ಣನನ್ನು ಎಬ್ಬಿಸಿ ಖಾತೆ ತೆರೆದಳು. ಹೆಸರಿನ ಜಾಗದಲ್ಲಿ 'ದೊಡ್ಡಣ್ಣ' ಎಂದೇ ಬರೆದಳು. ಬಾಯಿಗೆ ಬಂದ ಒಂದು ಪಾಸ್‌ವರ್ಡ್ ಇಟ್ಟಳು. ಫೋಲ್ಡರಿಗೆ ಆ ಹೆಸರಿನವರು ಬರಬಹುದು, ತಿದ್ದಬಹುದು ಎಂದು ಗುರುತು ಹಾಕಿದಳು. ದೊಡ್ಡಣ್ಣನ ಕೋಣೆಗೆ ಓಡಿದಳು. ಅಕ್ಷರ ತಪ್ಪಿತು. ಮತ್ತೆ ಹೊಡೆದಳು. ಫೋಲ್ಡರ್ ತೆರೆಯಿತು.

"ಬಂತು ನೋಡು ದೊಡ್ಡಣ್ಣ. ಬಂತು."

ದೊಡ್ಡಣ್ಣ ಪರದೆಯತ್ತ ತಿರುಗಲೇ ಇಲ್ಲ. ಕಪಾಟಿನಿಂದ ತನ್ನ ಹಳೆಯ ಅಳತೆಪಟ್ಟಿಗಳನ್ನು ತೆಗೆದು ಒಂದು ಚೀಲಕ್ಕೆ ತುಂಬುತ್ತಿದ್ದ.

"ಇವತ್ತು ತೆಗೆದ, ನಾಳೆ ಮತ್ತೆ ಹಾಕ್ತಾನೆ. ಬಾಗಿಲು ತೆಗೆಯೋದು ಹಾಕೋದು ಒಡೆಯರ ಇಷ್ಟ. ನಾನ್ಯಾಕೆ ಅದರ ಮುಂದೆ ಕಾಯ್ತಾ ಕೂರಲಿ?"

ಅವಳ ಲೆಕ್ಕ ಅಲ್ಲಿ ತಪ್ಪಿತ್ತು. ಫೋಲ್ಡರ್ ಸರಿಹೋದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡಿದ್ದಳು. ಆದರೆ ಅವನಿಗೆ ಕೆಟ್ಟದ್ದು ಫೋಲ್ಡರ್ ಆಗಿರಲಿಲ್ಲ.

ಅಷ್ಟರಲ್ಲಿ ಬೇಕರಿಯವರು ಬಂದರು. ಮೈಯೆಲ್ಲ ಹಿಟ್ಟಿನ ಧೂಳು, ಬಾಯ ತುಂಬ ಮಾತು. ಬೆಂಚಿನ ಮೇಲೆ ಕುಳಿತು ಜೇಬಿನಿಂದ ಬೀಗದ ಕೈ ತೆಗೆದು ಬೆರಳಲ್ಲಿ ತಿರುಗಿಸಿದರು.

"ಏನ್ ತಂಗಿ, ನಕ್ಷೆ ಬೆಂದಿದೆಯೋ ಇನ್ನೂ ಒಲೆ ಮೇಲಿದೆಯೋ?"

"ಸ್ವಲ್ಪ ಕೂತಿರಿ, ಬಂತು."

"ಕೂತ್ಕೋ ಅಂತ ನೀನು ಹೇಳ್ತಿದ್ದೀಯಾ? ಮೇಷ್ಟ್ರೇ, ಇವತ್ತು ಏನೋ ವಿಶೇಷ ಇದೆ."

ನಾನು ಅವರಿಗೆ ಅರ್ಜಿಯನ್ನು ಓದಿ ಹೇಳುವ ನೆಪದಲ್ಲಿ ಹಿಡಿದು ಕೂರಿಸಿದೆ. ಅವಳು ದೊಡ್ಡಣ್ಣನ ಬಾಗಿಲಿಗೂ ಚಿಕ್ಕಣ್ಣನ ಬಾಗಿಲಿಗೂ ನಡುವೆ ಅತ್ತ ಇತ್ತ ನಡೆದಳು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ದೊಡ್ಡಣ್ಣನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇದ್ದುದರಿಂದ ಮಾತೆಲ್ಲ ನಮಗೆ ಕೇಳಿಸುತ್ತಿತ್ತು.

"ದೊಡ್ಡಣ್ಣ, ಅದನ್ನ ಬರೆದದ್ದು ಚಿಕ್ಕಣ್ಣ ಅಲ್ಲ."

"ಮತ್ತೆ ನಮ್ಮ ತಾತ ಎದ್ದು ಬಂದು ಬರೆದ್ನಾ?"

"ಕಂಪ್ಯೂಟರ್ ಬರೆದದ್ದು. ಅಪ್‌ಡೇಟ್ ಆದ ಮೇಲೆ ಪಾಸ್‌ವರ್ಡ್ ಇಲ್ಲದೆ ಯಾರನ್ನೂ ಬಿಡಲ್ಲ ಅದು. ನಿನ್ನನ್ನು ಅಂತಲ್ಲ. ಯಾರನ್ನೂ."

"ಅಪ್‌ಡೇಟ್ ಮಾಡಿದ್ದು ಅವನೇ ತಾನೆ? ಬೇಕರಿಯವರು ಬರೋ ದಿನ ನೋಡ್ಕೊಂಡೇ ಮಾಡಿದ್ದಾನೆ."

"ಅವನಲ್ಲ. ನಾನು."

ಚೀಲಕ್ಕೆ ಅಳತೆಪಟ್ಟಿ ಬೀಳುವ ಸದ್ದು ನಿಂತಿತು. ಪಕ್ಕದ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಚಿಕ್ಕಣ್ಣ ಬಂದು ಅಣ್ಣನ ಕೋಣೆಯ ಹೊಸ್ತಿಲ ಈಚೆಗೆ ನಿಂತ. ಒಳಗೆ ಕಾಲಿಡಲಿಲ್ಲ.

"ನೀನಾ? ನನ್ನ ಮೆಷಿನ್ ಮುಟ್ಟಿದ್ಯಾ ನೀನು?"

"ಕಿಟಕಿ ಹಾಕೋಕೆ ಹೋಗಿದ್ದೆ. ಅದು ಕೇಳ್ತಿತ್ತು, ಒತ್ತಿದೆ."

"ಅದು ಕೇಳುತ್ತೆ ಅಂತ ಒತ್ತಿಬಿಡೋದಾ? ನಾನು ಇಷ್ಟು ದಿನ ಆಮೇಲೆ ಆಮೇಲೆ ಅಂತ ತಳ್ಳಿಕೊಂಡು ಬಂದಿದ್ದು ಯಾತಕ್ಕೆ? ಬೇಕರಿ ಕೆಲಸ ಮುಗೀಲಿ ಅಂತ."

"ಬೆಳಗ್ಗೆಯಿಂದ ಕೇಬಲ್ ಅಂದೆ, ರೂಟರ್ ಅಂದೆ" ಎಂದ ದೊಡ್ಡಣ್ಣ. "ನನ್ನ ಎದುರಿಗೆ ನಿಂತು ಕೇಬಲ್ ಊದಿದೆಯಲ್ಲೇ."

"ನನ್ನ ಹತ್ತಿರ ಏನೂ ಆಗಿಲ್ಲ ಅನ್ನೋ ಹಾಗೆ ಎದ್ದೇಳು ಅಂದಳು" ಎಂದ ಚಿಕ್ಕಣ್ಣ, ಗೋಡೆಯನ್ನು ನೋಡುತ್ತ. "ಚಿಕ್ಕಂದಿನಿಂದ ಇವಳು ಹೀಗೇ. ಅಪ್ಪನ ಗಡಿಯಾರ ಬಿಚ್ಚಿಟ್ಟು ಅದೇ ನಿಂತುಹೋಯ್ತು ಅಂದಿದ್ದಳು."

"ಗಡಿಯಾರ ಅಲ್ಲ, ರೇಡಿಯೋ" ಎಂದ ದೊಡ್ಡಣ್ಣ.

"ರೇಡಿಯೋ ಆಮೇಲೆ. ಮೊದಲು ಗಡಿಯಾರ."

"ಗಡಿಯಾರ ಬಿಚ್ಚಿದ್ದು ನೀನು. ಇವಳು ಮುಳ್ಳು ಕಳೆದದ್ದು."

"ನಾನು ಮುಚ್ಚಳ ಮಾತ್ರ ತೆಗೆದಿದ್ದೆ."

 ತಾವು ಮಾತಾಡಿಬಿಟ್ಟೆವೆಂದು ಆಗ ಇಬ್ಬರಿಗೂ ಹೊಳೆದಿರಬೇಕು. ದೊಡ್ಡಣ್ಣ ಚೀಲದೊಳಗೆ ಏನನ್ನೋ ಹುಡುಕಿದ. ಚಿಕ್ಕಣ್ಣ ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. ನನ್ನ ಪಕ್ಕದಲ್ಲಿ ಬೇಕರಿಯವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದೆ.

ಚಡಪಡಿ ಇಬ್ಬರ ನಡುವೆ ತಲೆ ತಗ್ಗಿಸಿ ನಿಂತಿದ್ದಳು. ಬೈಗುಳ ಇನ್ನೂ ಇದೆಯೇ ಎಂದು ಕಾಯುತ್ತಿರುವಂತೆ ತೋರಿತು. ಇದ್ದರೆ ಒಳ್ಳೆಯದು ಎಂದು ಅವಳಿಗೆ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ಅವರು ಒಟ್ಟಿಗೆ ಬೈಯುವುದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು.

"ಪಾಸ್‌ವರ್ಡ್ ಏನಿಟ್ಟಿದ್ದೀಯ?" ಎಂದು ದೊಡ್ಡಣ್ಣ ಕೇಳಿದ.

"ಏನೋ ಬಾಯಿಗೆ ಬಂದದ್ದು."

"ಬಾಯಿಗೆ ಬಂದದ್ದು ಬೇಡ. ನಾನೇ ಇಡ್ತೀನಿ. ಎಲ್ಲಿ ಇಡಬೇಕು?"

"ಆ ಮೆಷಿನ್‌ನಲ್ಲಿ" ಎಂದು ಅವಳು ಪಕ್ಕದ ಕೋಣೆಯತ್ತ ಕೈ ತೋರಿಸಿದಳು. ಬೇಕಾದರೆ ಅವನು ಹೇಳಿದ್ದನ್ನು ಅವಳೇ ಹೋಗಿ ಹೊಡೆಯಬಹುದಾಗಿತ್ತು. ಅದನ್ನು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ದೊಡ್ಡಣ್ಣ ಎದ್ದ. ಚಿಕ್ಕಣ್ಣ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟ. ಮೊದಲೇ ಹೋಗಿ ಕುರ್ಚಿಯ ಮೇಲಿದ್ದ ತನ್ನ ಟವೆಲನ್ನು ಎತ್ತಿಕೊಂಡ. ದೊಡ್ಡಣ್ಣ ಆ ಕುರ್ಚಿಯಲ್ಲಿ ಕುಳಿತು ಕೀಬೋರ್ಡಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಇದರಲ್ಲಿ ಅಕ್ಷರಗಳೆಲ್ಲ ಸವೆದುಹೋಗಿವೆಯಲ್ಲೋ. ಹೇಗೆ ಹೊಡೀತೀಯ?"

"ಅಂದಾಜಿನ ಮೇಲೆ."

"ಅದಕ್ಕೇ ಕಡತದ ಹೆಸರಲ್ಲೆಲ್ಲ ತಪ್ಪು."

"ಅರ್ಥ ಆಗ್ತಿತ್ತಲ್ಲ?"

ದೊಡ್ಡಣ್ಣ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದು ಬೆರಳಿನಿಂದ ಕುಟ್ಟಿ ಕುಟ್ಟಿ ಪಾಸ್‌ವರ್ಡ್ ಹಾಕಿದ. ಚಿಕ್ಕಣ್ಣ ಆ ಹೊತ್ತಿಗೆ ಬೇಕೆಂದೇ ಕಿಟಕಿಯ ಹೊರಗೆ ನೋಡುತ್ತಿದ್ದ.

ಇನ್ನು ಪ್ರಿಂಟರ್ ಉಳಿದಿತ್ತು. ದೊಡ್ಡಣ್ಣನ ಪರದೆಯಲ್ಲಿ ಅದರ ಚಿತ್ರ ಬೂದಿ ಬಣ್ಣಕ್ಕೆ ತಿರುಗಿ ಮಲಗಿತ್ತು. ಚಡಪಡಿ ಅದನ್ನು ಅಳಿಸಿ, ಹೊಸದಾಗಿ ಸೇರಿಸಿ, ಹೊಸ ಪಾಸ್‌ವರ್ಡನ್ನು ದೊಡ್ಡಣ್ಣನಿಂದಲೇ ಹೊಡೆಸಿದಳು. ಮೊದಲ ಹಾಳೆ ಬರಿದಾಗಿ ಬಂತು. ಎರಡನೆಯದು ಅಡ್ಡಡ್ಡವಾಗಿ ಅರ್ಧ ಬಂತು. ಹಾಳೆಯ ಅಳತೆಯನ್ನು ಅಪ್‌ಡೇಟ್ ಮರೆತುಬಿಟ್ಟಿತ್ತು. ಅದನ್ನು ಸರಿಪಡಿಸಲು ಅವಳು ಎರಡು ಕೋಣೆಗಳ ನಡುವೆ ಓಡಾಡಿದ್ದನ್ನು ನೋಡಿ ಬೇಕರಿಯವರು, "ನಮ್ಮ ಹಿಟ್ಟು ಕಲಸೋ ಯಂತ್ರಕ್ಕೂ ನಡುನಡುವೆ ವಿಶ್ರಾಂತಿ ಕೊಡ್ತೀವಿ, ತಂಗಿ" ಎಂದರು. ಅವಳಿಗೆ ಕೇಳಿಸಲಿಲ್ಲ.

ದೊಡ್ಡಣ್ಣ ಫೋಲ್ಡರ್ ತೆರೆದು ತನ್ನ ನಕ್ಷೆಯನ್ನು ಹುಡುಕಿದ. ಚಿಕ್ಕಣ್ಣ ಹಿಂದಿನ ಸಂಜೆ ಹೊರಡುವ ಮುನ್ನ ಅದಕ್ಕೆ ಇಟ್ಟ ಹೆಸರು ಹಾಗೆಯೇ ಇತ್ತು: 'ಒಲೆ ಪಕ್ಕದ ಹಾದಿ ಕಿರಿದು, ಬಿಸಿ ತಟ್ಟೆ ಹಿಡಿದವರು ತಿರುಗಲಾರರು.' ಅವನು ಅದನ್ನು ಓದಿ ಮೂಗಿನಲ್ಲಿ ಒಂದು ಸದ್ದು ಮಾಡಿದ, ಗೋಡೆಯೊಂದನ್ನು ಆಚೆಗೆ ಸರಿಸಿದ, ಪ್ರಿಂಟ್ ಕೊಟ್ಟ. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಎದ್ದು ಕೆಮ್ಮಿ ಕೆಲಸ ಶುರುಮಾಡಿತು. ಚಿಕ್ಕಣ್ಣ ಹಾಳೆಯನ್ನು ಸುರುಳಿ ಸುತ್ತಿ ಎಂದಿನಂತೆ ತಂಗಿಯ ಕೈಗೇ ಕೊಟ್ಟ. ತಾನೇ ತಂದುಕೊಡಬಹುದಿತ್ತಲ್ಲ ಎಂದು ನನಗೆ ಅನ್ನಿಸಿತು. ಅಷ್ಟು ದೂರ ಅವನು ಬರಲಿಲ್ಲ.

ಬೇಕರಿಯವರು ನಕ್ಷೆಯನ್ನು ಬೆಂಚಿನ ಮೇಲೆ ಹರಡಿ ನೋಡಿದರು. ಹಾದಿ ಅಗಲವಾದದ್ದನ್ನು ಕಂಡು ತಲೆದೂಗಿದರು. ಆಮೇಲೆ ಬೀಗದ ಕೈಯನ್ನು ದೊಡ್ಡಣ್ಣನ ಕಡೆಗೆ ಚಾಚಿದರು.

"ದೊಡ್ಡವರೇ, ಇದು? ಬೆಳಗ್ಗೆಯಿಂದ ಜೇಬಲ್ಲಿ ಚುಚ್ಚುತ್ತಿದೆ."

ಚಡಪಡಿ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸಿದಳು. ಜೋಡಿಸಿದ್ದನ್ನು ಕೆದರಿ ಮತ್ತೆ ಜೋಡಿಸಿದಳು.

ದೊಡ್ಡಣ್ಣ ಬೀಗದ ಕೈಯನ್ನೇ ನೋಡಿದ. "ನಿಮ್ಮ ಕೋಣೆಗೆ ಬೆಳಕು ಸಾಲದು" ಎಂದ.

"ಮೊನ್ನೆ ಬಂದಾಗ ಸಾಕು ಅಂದಿದ್ರಲ್ಲ?"

"ಮೊನ್ನೆ ಸರಿಯಾಗಿ ನೋಡಿರಲಿಲ್ಲ."

"ದೀಪ ಹಾಕಿಸಿಕೊಡ್ತೀನಿ ಬೇಕಾದ್ರೆ."

"ಬೇಡ. ಬೇರೆಯವರಿಗೆ ಕೊಡಿ."

ಬೇಕರಿಯವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಬೀಗದ ಕೈಯನ್ನು ಜೇಬಿಗೆ ಇಳಿಸಿ ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ದೊಡ್ಡಣ್ಣ ತನ್ನ ಕೋಣೆಗೆ ಹೋಗಿ ಚೀಲದಿಂದ ಅಳತೆಪಟ್ಟಿಗಳನ್ನು ಒಂದೊಂದಾಗಿ ಕಪಾಟಿಗೆ ಹಿಂದಿರುಗಿಸಿದ. ಗೋಡೆಯ ಆಚೆ ಚಿಕ್ಕಣ್ಣ ಲೆಕ್ಕ ಹಾಕತೊಡಗಿದ್ದ. ಇಬ್ಬರ ನಡುವೆ ಮತ್ತೆ ಮಾತಿರಲಿಲ್ಲ.

ಚಡಪಡಿ ನನ್ನ ಪಕ್ಕ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಕೂಡಲೇ ಎದ್ದಳು.

"ಮೇಷ್ಟ್ರೇ, ಬೇಡ ಅಂದದ್ದು ಈ ಕೋಣೆ ಮಾತ್ರಾನಾ? ನಾಳೆ ಬೆಳಕಿರೋ ಕೋಣೆ ಸಿಕ್ಕಿದ್ರೆ?"

"ಸಿಕ್ಕಾಗ ನೋಡೋಣ. ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಡಬ್ಬಿ ತೆಗೆ."

"ತಿಂತೀನಿ. ಅವನು ಆ ಪಾಸ್‌ವರ್ಡ್ ಮರೆತುಬಿಟ್ರೆ?"

"ಚಿಕ್ಕಣ್ಣನ ಕುರ್ಚಿಯಲ್ಲಿ ಕೂತು ಇನ್ನೊಂದು ಇಡ್ತಾನೆ."

ಅವಳು ಚಿಕ್ಕಣ್ಣನ ಬಾಗಿಲ ಕಡೆ ನೋಡಿದಳು. ಡಬ್ಬಿ ತೆಗೆದು ನಿಂತುಕೊಂಡೇ ತಿನ್ನತೊಡಗಿದಳು.